ಗರಡಿಯ ಮಟ್ಟಿ, ಮನಸ್ಸಿನ ಭಾರ

ಆದವಾನಿ, ಆಲೂರುಗಳ ಎರೆನೆಲದ ಸೀಮೆಯು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತಾದರೂ, ಅಲ್ಲಿಯ ಕನ್ನಡಿಗರು ಬಳ್ಳಾರಿ, ರಾಯಚೂರುಗಳ ನಂಟರೊಡನೆ ಹಂಚಿಕೊಂಡು ಬಂದ ಅಂಗಸಾಧನೆಯ ಪರಂಪರೆಯು ಆ ಗಡಿಗಿಂತ ಎಷ್ಟೋ ಶತಮಾನಗಳಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರಾಭ್ಯಾಸಗಳನ್ನು ವಿಸ್ತಾರವಾಗಿ ನಿರೂಪಿಸಿದನು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೋ ಪಾಯೆಸನಾದರೋ, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಪೂಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಖಡ್ಗ ಬೀಸಿ, ಮಲ್ಲನೊಡನೆ ಸೆಣಸಿ, ಅನಂತರ ಕುದುರೆಯೇರಿ ಬಯಲಿನಲ್ಲಿ ಸಂಚರಿಸುತ್ತಿದ್ದನೆಂದು ಬರೆದಿಟ್ಟನು.

ಅರಸನ ಈ ಸಾಧನೆಗೆ ಊರುಗಳಲ್ಲಿ ಗರಡಿಯೇ ನೆಲೆ. ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಗೂಡಿನಲ್ಲಿ ಹನುಮಂತ, ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕಲಸಿ ಹದಗೊಳಿಸಿದ ಮಟ್ಟಿ. ವಸ್ತಾದಿಯ ಕಣ್ಣೆದುರಿನಲ್ಲಿ ದಂಡ, ಬಸ್ಕಿ, ಲೋಡುಗಳಾದ ಮೇಲೆ ಜೋಡಿ ಹಿಡಿಯುವರು. ನಾಲ್ಕು ದಿನ ಮುಖ ತೋರಿಸದವನನ್ನು ಜೊತೆಗಾರರು ವಿಚಾರಿಸದೆ ಬಿಡುತ್ತಿರಲಿಲ್ಲ. ಗರಡಿಯ ನಿಜವಾದ ಬೆಲೆ ಇಲ್ಲಿಯೇ ಇದ್ದಿತೆಂದು ನನ್ನ ನಂಬಿಕೆ. ಏಕೆಂದರೆ ಖಿನ್ನತೆಗೆ ಸಿಕ್ಕಿದವನಿಗೆ ಭಾರವೆತ್ತುವುದಕ್ಕಿಂತಲೂ ಹಾಸಿಗೆಯಿಂದ ಏಳುವುದೇ ದುಸ್ಸಾಧ್ಯವಾದುದು. ಹೆಂಗಸರಿಗೆ ಆ ಬಾಗಿಲು ತೆರೆಯದೆ ಹೋದುದು ದೊಡ್ಡ ಅನ್ಯಾಯ. ದಿನವೆಲ್ಲ ಹತ್ತಿ ಬಿಡಿಸಿ ಬೆನ್ನು ಬಾಗಿದವಳಿಗೆ ದಣಿವಿನ ಕೊರತೆಯಿರಲಿಲ್ಲ, ತನ್ನದೆನ್ನುವ ಒಂದು ಘಳಿಗೆಯ ಕೊರತೆಯಿದ್ದಿತು.

ವಿಷಾದವು ರೋಗವನ್ನು ಬೆಳೆಸುವವುಗಳಲ್ಲಿ ಅಗ್ರಗಣ್ಯವೆಂದು ಚರಕಸಂಹಿತೆಯು ಎಣಿಸಿತು. ವ್ಯಾಯಾಮವನ್ನು ಅರ್ಧಬಲಕ್ಕೆ ನಿಲ್ಲಿಸಬೇಕೆಂದು ಸುಶ್ರುತನು ವಿಧಿಸಿದನು. ಉಸಿರು ಬಾಯಿಗೆ ಬಂದುದೇ ಅದರ ಲಕ್ಷಣ. ವೈಶಾಖದ ಬಿಸಿಲಿನಲ್ಲಿ ಬೇಯುವ ಆದವಾನಿಯಲ್ಲಿ ಈ ಮಿತಿಯು ಇಂದಿಗೂ ಪಾಲಿಸತಕ್ಕುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಐವತ್ತು ವರ್ಷಕ್ಕೆ ಮೇಲ್ಪಟ್ಟ 156 ಮಂದಿ ಖಿನ್ನತೆಯ ರೋಗಿಗಳನ್ನು ಮೂರು ಗುಂಪುಗಳಾಗಿಸಿ 16 ವಾರ ನೋಡಲಾಗಿ, ವ್ಯಾಯಾಮ ಮಾಡಿದವರೂ ಔಷಧ ಸೇವಿಸಿದವರೂ ಎರಡನ್ನೂ ಕೈಕೊಂಡವರೂ ಕೊನೆಗೆ ಹೆಚ್ಚು ಕಡಿಮೆ ಸಮಾನವಾಗಿಯೇ ಚೇತರಿಸಿಕೊಂಡಿದ್ದರು. ಔಷಧದ ಗುಣ ಮಾತ್ರ ಮೊದಲು ಕಾಣಿಸಿಕೊಂಡಿತು. ಆದುದರಿಂದ, ತೀವ್ರ ವೇದನೆಯಲ್ಲಿರುವವನಿಗೆ ಗುಳಿಗೆಯನ್ನು ಬಿಟ್ಟು ಬಸ್ಕಿ ಹೊಡೆಯೆಂದು ಹೇಳುವುದು ಕ್ರೌರ್ಯವೇ ಸರಿ.

ಔಷಧವನ್ನು ಹಳ್ಳಿಯ ಸಮೀಪಕ್ಕೆ ತರುವ ಕಾರ್ಯವೂ ಇದೇ ಸೀಮೆಯ ನೆರೆಯಲ್ಲಿ ನಡೆಯಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ಶಿಕ್ಷಣವನ್ನು ಕೊಟ್ಟಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿಗೆ ಬಂದ ಆ ಶಿಕ್ಷಣವು, 1953ರಲ್ಲಿ ಗೆರೆ ಬೀಳದೆ ಇದ್ದಿದ್ದರೆ, ಆದವಾನಿಯ ಆಸ್ಪತ್ರೆಗಳನ್ನೂ ಅಂದೇ ಮುಟ್ಟುತ್ತಿದ್ದಿತು.