ಕ್ಯಾಮ್ ನದಿಯ ನೌಕಾಯಾನ: ಐತಿಹ್ಯವೂ ಇತಿಹಾಸವೂ

ಪರಂಪರೆಯಿಂದ ಬಂದು, ಮೊದಲು ಹೇಳಿದವರಾರೆಂಬುದು ತಿಳಿಯದೆ ಉಳಿದ ಮಾತಿಗೆ ನಮ್ಮ ಶಾಸ್ತ್ರಕಾರರು ಐತಿಹ್ಯವೆಂದು ಹೆಸರಿಟ್ಟಿದ್ದಾರೆ. ಈ ಆಲದ ಮರದಲ್ಲಿ ಯಕ್ಷನಿದ್ದಾನೆಂದು ಊರವರು ಹೇಳುವುದು ಅದಕ್ಕೆ ಅವರು ಕೊಡುವ ಉದಾಹರಣೆ. ಪೌರಾಣಿಕರು ಇದನ್ನೂ ಒಂದು ಪ್ರತ್ಯೇಕ ಪ್ರಮಾಣವೆಂದು ಎಣಿಸುವರು. ನೈಯಾಯಿಕರು ಹಾಗೆ ಒಪ್ಪುವುದಿಲ್ಲ. ಹೇಳಿದವನು ಆಪ್ತನೆಂದು ನಿಶ್ಚಯವಾದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುವುದು, ಇಲ್ಲವಾದರೆ ಪ್ರಮಾಣವೇ ಆಗದು ಎಂಬುದು ಅವರ ಮತ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ ನಾನು, ಮುಂದೆ ಮೂವತ್ತು ವರ್ಷಕಾಲ ಉಪಾಧ್ಯಾಯನಾಗಿದ್ದಾಗ ಅದನ್ನು ಮರೆತು ನಡೆದೆನೆಂಬುದು, ಈಚೆಗೆ ಇಂಗ್ಲೆಂಡು ದೇಶದ ಒಂದು ಚಿಕ್ಕ ನದಿಯಲ್ಲಿ ದೋಣಿಯ ಮೇಲೆ ಕುಳಿತಿದ್ದಾಗ ಅರಿವಿಗೆ ಬಂದಿತು. ಆ ಸಂಗತಿಯನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಕೇಂಬ್ರಿಜ್ ನಗರದ ಹೆಸರು ನನಗೆ ವಿದ್ಯಾರ್ಥಿದಶೆಯಿಂದಲೂ ಪರಿಚಿತ. 1867ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಮೊದಲನೆಯ ಸಂಸ್ಕೃತ ಪ್ರಾಧ್ಯಾಪಕರಾದ ಕೋವೆಲ್ ಪಂಡಿತರು, ಗಫ್ ಎಂಬವರೊಡನೆ ಸೇರಿ, ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ 'ಸರ್ವದರ್ಶನಸಂಗ್ರಹ'ವನ್ನು ಇಂಗ್ಲಿಷಿಗೆ ತಂದು 1882ರಲ್ಲಿ ಪ್ರಕಟಿಸಿದರೆಂದು ನಮ್ಮ ಗುರುಗಳು ಆಗಾಗ ಹೇಳುತ್ತಿದ್ದರು. ನನ್ನ ಮಗಳು ಸಂಸಾರಸಹಿತಳಾಗಿ ಆ ನಗರಕ್ಕೆ ಸಮೀಪದಲ್ಲಿ ವಾಸವಾಗಿರುವುದರಿಂದ, ಅವಳ ಮನೆಗೆ ಹೋಗಿದ್ದಾಗ ಆ ವಿದ್ಯಾಕ್ಷೇತ್ರವನ್ನು ನೋಡುವ ಅವಕಾಶವಾಯಿತು. ಬೀದಿಬೀದಿ ಸುತ್ತುವುದಕ್ಕೆ ನನ್ನ ಮೊಣಕಾಲುಗಳು ಒಪ್ಪಲಿಲ್ಲವಾಗಿ, ಸ್ಥಳವಿವರಣೆ ಹೇಳುತ್ತ ಕರೆದೊಯ್ಯುವ ದೋಣಿಯಲ್ಲಿ ಹೋಗುವುದೆಂದು ನಿಶ್ಚಯಿಸಿದೆವು.

ದೋಣಿಯನ್ನು ಹತ್ತುವ ಮೊದಲು ಊರಿನ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಈ ನದಿಯ ಪ್ರಾಚೀನನಾಮ ಗ್ರಾಂಟ. ಅದರ ಮೇಲಿದ್ದ ಸೇತುವೆಯಿಂದ ಊರಿಗೆ 'ಗ್ರಾಂಟನ ಸೇತುವೆ' ಎಂಬರ್ಥದ ಹೆಸರು ಬಂದಿತು. ಆ ಹೆಸರು ಜನರ ನಾಲಗೆಯಲ್ಲಿ ಸವೆಸವೆದು ಕೇಂಬ್ರಿಜ್ ಎಂದಾಯಿತು. ಆಮೇಲೆ, ಊರು ಕೇಂಬ್ರಿಜ್ ಆದರೆ ನದಿ ಕ್ಯಾಮ್ ಇರಬೇಕಲ್ಲವೆ ಎಂದು ಜನ ನದಿಯ ಹೆಸರನ್ನೇ ಬದಲಿಸಿಬಿಟ್ಟರು! ನದಿಯಿಂದ ಊರಿಗೆ ಹೆಸರು ಬರುವುದು ಲೋಕರೂಢಿ. ಇಲ್ಲಿ ಊರು ಆ ಋಣವನ್ನು ತಿರುಗಿ ತೀರಿಸಿದಂತಾಗಿದೆ. ಈ ಹೆಸರೇ ಸೂಚಿಸುವಂತೆ, ವಿದ್ಯೆ ಬರುವುದಕ್ಕೆ ಬಹುಕಾಲ ಮೊದಲೇ ಅಲ್ಲಿ ನದಿಯೂ ಸೇತುವೆಯೂ ವ್ಯಾಪಾರವೂ ಇದ್ದುವು. ಸಮುದ್ರತೀರದ ಲಿನ್ ಬಂದರಿನಿಂದ ಊಸ್ ನದಿಯ ಮೂಲಕ ಸರಕಿನ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದುವು.

ವಿದ್ಯೆ ಬಂದುದು ಆಶ್ರಯವನ್ನು ಬೇಡುತ್ತ. 1209ರಲ್ಲಿ ಆಕ್ಸ್‌ಫರ್ಡ್ ನಗರದಲ್ಲಿ ಒಬ್ಬ ಸ್ತ್ರೀಯ ಮರಣದ ಕಾರಣವಾಗಿ ಊರವರು ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಲು, ಉಳಿದವರು ಭಯಗೊಂಡು ದಿಕ್ಕುದಿಕ್ಕಿಗೆ ಚದುರಿದರು. ಅವರಲ್ಲಿ ಕೆಲವರು ಈ ವರ್ತಕರ ಊರಿಗೆ ಬಂದು ನೆಲಸಿದರು. 1284ರಲ್ಲಿ ಈಲಿಯ ಬಿಷಪ್ ಹ್ಯೂ ಡಿ ಬಾಲ್ಷಮ್ ಎಂಬವರು ಪೀಟರ್‌ಹೌಸ್ ಎಂಬ ಮೊದಲನೆಯ ಕಾಲೇಜನ್ನು ಸ್ಥಾಪಿಸಿದರು. ಇಂದು ಅಂತಹವು 31 ಇವೆ. ಅತಿಥಿಯು ಬೆಳೆದು ಯಜಮಾನನಾದಾಗ ಮನೆಯವರಿಗೆ ಏನಾಗುವುದೋ ಅದು ಆ ಊರವರಿಗೂ ಆಯಿತು. 1381ರ ರೈತರ ದಂಗೆಯ ಸಮಯದಲ್ಲಿ ಅವರು ವಿಶ್ವವಿದ್ಯಾನಿಲಯದ ದಾಖಲೆಪತ್ರಗಳನ್ನು ಸಂತೆಯ ಬಯಲಿನಲ್ಲಿ ಸುಟ್ಟರು. ಪತ್ರಗಳನ್ನು ಸುಟ್ಟುದು ನಿಂದ್ಯವೇ ಸರಿ. ಆದರೆ ಅವರ ಸಿಟ್ಟಿಗೆ ಕಾರಣವಿರಲಿಲ್ಲವೆಂದು ಹೇಳಲಾಗದು.

ಇನ್ನು ನಮ್ಮ ಯಾನ. ಅಲ್ಲಿನ ದೋಣಿಗೆ ಪಂಟ್ ಎಂದು ಹೆಸರು. ತಳ ಚಪ್ಪಟೆ, ಹುಟ್ಟಿಲ್ಲ, ಹಾಯಿಯಿಲ್ಲ. ನಮ್ಮ ಅಂಬಿಗರ ಜಲ್ಲೆಯಂತಹ, ಸುಮಾರು 16 ಅಡಿ ಉದ್ದದ ಗಳೆಯನ್ನು ನದಿಯ ತಳಕ್ಕೆ ಊರಿ ನೂಕುತ್ತ, ನಾವಿಕನು ಹಿಂಭಾಗದ ಹಲಗೆಯ ಮೇಲೆ ನಿಂತೇ ನಡೆಸುವನು. ನಮ್ಮ ನಾವಿಕನು ವಿನಯವಂತನಾದ ಒಬ್ಬ ತರುಣ. ಹೊರಟ ಸ್ಥಳದಲ್ಲಿ ಹಿಂದೆ ಅರಸನ ಗಿರಣಿ, ಬಿಷಪ್ಪನ ಗಿರಣಿ ಎಂಬ ಎರಡು ನೀರುಗಿರಣಿಗಳಿದ್ದುವಂತೆ. ಅವು 1928ರಲ್ಲಿ ನೆಲಸಮವಾದುವು. ಅಲ್ಲಿಂದ ಮ್ಯಾಗ್‌ಡಲೀನ್ ಸೇತುವೆಯವರೆಗೆ ಒಂದು ಮೈಲಿಗಿಂತಲೂ ಕಡಮೆ. ಈ ಅಲ್ಪದೂರದಲ್ಲಿ ಪ್ರಸಿದ್ಧವಾದ ಏಳೆಂಟು ಕಾಲೇಜುಗಳ ಹಿಂಭಾಗಗಳು ನದಿಯ ದಡದಲ್ಲಿ ಸಾಲಾಗಿ ಕಾಣುವುವು. ಆದುದರಿಂದಲೇ ಆ ಪ್ರದೇಶವನ್ನು 'ಹಿತ್ತಿಲುಗಳು' ಎಂಬರ್ಥದಲ್ಲಿ ಬ್ಯಾಕ್ಸ್ ಎನ್ನುವರು.

ಮೊದಲು ಎದುರಾದುದು ಕ್ವೀನ್ಸ್ ಕಾಲೇಜಿನ ಮರದ ಸೇತುವೆ. ನೇರವಾದ ತೊಲೆಗಳನ್ನೇ ಒಂದಕ್ಕೊಂದು ಓರೆಯಾಗಿ ಜೋಡಿಸಿ ಕಮಾನಿನ ಆಕಾರವನ್ನು ಬರಿಸಿರುವುದರಿಂದ ಅದಕ್ಕೆ ಗಣಿತಸೇತುವೆಯೆಂದು ಹೆಸರು. ನಾವಿಕನು ಗಳೆಯನ್ನು ನಿಲ್ಲಿಸಿ ಕಥೆಯನ್ನು ಪ್ರಾರಂಭಿಸಿದನು. ಸರ್ ಐಸಾಕ್ ನ್ಯೂಟನ್ ಮಹಾಶಯನು ಒಂದು ಮೊಳೆಯನ್ನೂ ಬಳಸದೆ ಬುದ್ಧಿಬಲದಿಂದಲೇ ಇದನ್ನು ನಿರ್ಮಿಸಿದನಂತೆ. ಅನಂತರದ ವಿದ್ಯಾರ್ಥಿಗಳು ಇದರ ಗುಟ್ಟನ್ನರಿಯಲು ಬಿಚ್ಚಿನೋಡಿ, ಮತ್ತೆ ಜೋಡಿಸಲಾರದೆ, ಮೊಳೆಗಳ ಮೊರೆಹೊಕ್ಕರಂತೆ. ಅಷ್ಟರಲ್ಲಿ ನನ್ನ ಮಗಳು ನನ್ನ ಕಡೆ ತಿರುಗಿ, "ಅಪ್ಪ, ಈ ಕಥೆಯನ್ನು ನೀವೇ ನಮಗೆ ಹೇಳುತ್ತಿದ್ದಿರಲ್ಲವೆ?" ಎಂದಳು. ನಾನು ಹೆಮ್ಮೆಯಿಂದ ತಲೆದೂಗಿದೆನು. ನಾವಿಕನು ನಕ್ಕು, "ಕಥೆ ಚೆನ್ನಾಗಿದೆ, ಆದರೆ ನ್ಯೂಟನ್ ತೀರಿಕೊಂಡದ್ದು 1727ರಲ್ಲಿ, ಸೇತುವೆ ಕಟ್ಟಿದ್ದು 1749ರಲ್ಲಿ" ಎಂದನು.

ಆ ಕ್ಷಣದಲ್ಲಿ ನನಗಾದ ಸಂಕೋಚವನ್ನು ಹೇಗೆ ಹೇಳಲಿ! ಏಕಾಗ್ರತೆಯ ಮಹಿಮೆಯನ್ನು ಬೋಧಿಸುವಾಗಲೆಲ್ಲ ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆನು. ಎಲ್ಲಿ ಓದಿದೆನೋ, ಯಾರಿಂದ ಕೇಳಿದೆನೋ ನನಗೇ ನೆನಪಿಲ್ಲ. ನ್ಯೂಟನ್ನನ ಮರಣದ ವರ್ಷವನ್ನೂ ನಾನೇ ಕರಿಹಲಗೆಯ ಮೇಲೆ ಬರೆಸುತ್ತಿದ್ದೆನು. ಸೇತುವೆಯ ವರ್ಷವನ್ನು ಮಾತ್ರ ಕೇಳಲಿಲ್ಲ. ಆ ಸೇತುವೆಯ ವಿನ್ಯಾಸವನ್ನು ಮಾಡಿದವನು ವಿಲಿಯಮ್ ಎಥೆರಿಜ್. ಕಟ್ಟಿದವನು ಜೇಮ್ಸ್ ಎಸೆಕ್ಸ್. ತೊಲೆಗಳನ್ನು ಬಿಗಿಯಲು ಮೊದಲಿನಿಂದಲೂ ಕಬ್ಬಿಣವಿತ್ತು. ಹೊರಮೈಯಿಂದ ಬಡಿದುದರಿಂದ ಸೇತುವೆಯ ಮೇಲೆ ನಡೆಯುವವರಿಗೆ ಕಾಣುತ್ತಿರಲಿಲ್ಲ, ಅಷ್ಟೆ. 1866ರಲ್ಲಿಯೂ 1905ರಲ್ಲಿಯೂ ಅದನ್ನು ಹಳೆಯ ಮಾದರಿಯಲ್ಲಿಯೇ ಪುನಃ ಕಟ್ಟಿದರು. ಈಗಿರುವುದು ತೇಗದ ಮರದ್ದು. ನ್ಯೂಟನ್ನನಿಗೆ ಕೀರ್ತಿಯ ಕೊರತೆಯಿರಲಿಲ್ಲ. ಎಥೆರಿಜ್ ಎಸೆಕ್ಸರಿಗಿದ್ದ ಒಂದು ಸೇತುವೆಯ ಕೀರ್ತಿಯನ್ನೂ ಕಿತ್ತು, ಇದ್ದವನಿಗೇ ಕೊಡುವ ಕೆಲಸದಲ್ಲಿ ನಾನೂ ಮೂವತ್ತು ವರ್ಷ ಭಾಗಿಯಾಗಿದ್ದೆನು.

ಮುಂದೆ ನದಿ ತಿರುಗಿದೊಡನೆ ಬಲಗಡೆಯಲ್ಲಿ ವಿಶಾಲವಾದ ಹಸುರು ಹುಲ್ಲಿನ ಹಾಸು. ಅದರಾಚೆ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ. ಒಳಗಿನ ಉದ್ದ ಸುಮಾರು 290 ಅಡಿ, ಎತ್ತರ 80 ಅಡಿ. 1446ರಲ್ಲಿ ಶಂಕುಸ್ಥಾಪನೆಯಾಗಿ, ಬೀಸಣಿಗೆಯಂತೆ ಹರಡುವ ಅದರ ಕಲ್ಲಿನ ಚಾವಣಿ ಜಾನ್ ವಾಸ್ಟೆಲ್ ಎಂಬ ಶಿಲ್ಪಿಯ ಕೈಯಲ್ಲಿ 1515ರ ವೇಳೆಗೆ ಮುಗಿಯಿತು. ದೋಣಿಯಲ್ಲಿದ್ದವರೆಲ್ಲರೂ ಮೌನವಾದರು. ಆ ಮೌನದಲ್ಲಿ, ಇದುವರೆಗೆ ಕೆಸರಿನಲ್ಲಿ ಸದ್ದಿಲ್ಲದೆ ಇಳಿಯುತ್ತಿದ್ದ ಗಳೆಯು ಏನೋ ಗಟ್ಟಿಯಾದುದಕ್ಕೆ ತಗುಲಿ ಖಣಖಣಿಸಿತು. ಬಂಡೆಯೇ ಎಂದು ಕೇಳಿದೆನು. "ಅಲ್ಲ, ದಾರಿ" ಎಂದನು ನಾವಿಕ.

ಅವನು ವಿವರಿಸಿದುದು ಹೀಗೆ. ಹಿಂದೆ ಸರಕಿನ ದೋಣಿಗಳನ್ನು ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದುವು. ಬೇರೆ ಕಡೆಗಳಲ್ಲಿ ಕುದುರೆಗಳು ದಡದ ಮೇಲೆ ನಡೆಯುವುವು. ಇಲ್ಲಿ ಎರಡು ದಡಗಳೂ ಕಾಲೇಜುಗಳ ವಶದಲ್ಲಿದ್ದುದರಿಂದ ಅವುಗಳಿಗೆ ಹಾದಿಯಿರಲಿಲ್ಲ. ಆದಕಾರಣ ನದಿಯ ಮಧ್ಯದಲ್ಲಿ, ನೀರಿನ ಕೆಳಗೆ, ಜಲ್ಲಿಕಲ್ಲಿನ ಒಂದು ಏರಿಯನ್ನು ಹಾಕಿದರು. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಕುದುರೆಗಳು ನೀರಿನಲ್ಲಿ ನಡೆಯುತ್ತ ಕಲ್ಲಿದ್ದಲನ್ನೂ ಧಾನ್ಯವನ್ನೂ ಎಳೆದುವು. ಆ ದಾರಿ ಈಗಲೂ ಅಲ್ಲಿದೆ. ಕಣ್ಣಿಗೆ ಕಾಣದು, ಗಳೆಗೆ ಮಾತ್ರ ತಿಳಿಯುವುದು.

ಇದನ್ನು ಕೇಳಿದಮೇಲೆ ನಾನು ಆ ಹುಲ್ಲಿನ ಹಾಸನ್ನು ನೋಡಿದ ರೀತಿಯೇ ಬೇರೆಯಾಯಿತು. ಅದು ಅನಾದಿಯಿಂದ ಹುಲ್ಲುಗಾವಲಾಗಿರಲಿಲ್ಲ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಊರಿನ ಜನನಿಬಿಡವಾದ ಭಾಗ. ಮಿಲ್ನ್ ಸ್ಟ್ರೀಟ್ ಎಂಬ ಮುಖ್ಯ ಬೀದಿ, ಅಡ್ಡಗಲ್ಲಿಗಳು, ಮನೆಗಳು, ಸೇಂಟ್ ಜಾನ್ ಜಕರಿ ಎಂಬ ದೇವಾಲಯ, ದಡದಲ್ಲಿ ಉಪ್ಪು, ಧಾನ್ಯ, ಅಗಸೆನಾರು ಇವುಗಳ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಸರಕಿನ ಕಟ್ಟೆಗಳು, ಇವೆಲ್ಲವೂ ಅಲ್ಲಿದ್ದುವು. 1441ರಲ್ಲಿ ಕಾಲೇಜನ್ನು ಸ್ಥಾಪಿಸಿದ ಆರನೆಯ ಹೆನ್ರಿ ಅರಸನು ಅದನ್ನು ದೊಡ್ಡದಾಗಿ ಬೆಳೆಸಲಿಚ್ಛಿಸಿ, ಆ ಪ್ರದೇಶವನ್ನೆಲ್ಲ ಸ್ವಾಧೀನಪಡಿಸಿಕೊಂಡು ನೆಲಸಮಮಾಡಿಸಿದನು. ಊರಿಗೂ ನದಿಗೂ ನಡುವೆ ಇದ್ದ ಸಂಬಂಧ ಅಲ್ಲಿ ಕಡಿಯಿತು. ಪ್ರಾರ್ಥನಾಮಂದಿರದ ಮೊದಲ ಹಂತಕ್ಕೆ ಬೇಕಾದ ಬಿಳಿಯ ಸುಣ್ಣಕಲ್ಲು ಯಾರ್ಕ್‌ಷೈರ್ ಪ್ರಾಂತದ ಗಣಿಗಳಿಂದ ಬಂದುದು. ಅದು ಬಂದುದೂ ಜಲಮಾರ್ಗದಿಂದಲೇ. ದೋಣಿಯವರ ಕಟ್ಟೆಯನ್ನು ಕೆಡವಿದ ಕಟ್ಟಡಕ್ಕೆ ಕಲ್ಲನ್ನು ಹೊತ್ತುದು ದೋಣಿಯೇ.

ಅನಂತರ ಕ್ಲೇರ್ ಕಾಲೇಜಿನ ಕಲ್ಲಿನ ಸೇತುವೆ. 1640ರಲ್ಲಿ ಮುಗಿದ ಇದು ಆ ನಗರದಲ್ಲಿ ಇಂದಿಗೂ ನಿಂತಿರುವ ಸೇತುವೆಗಳಲ್ಲಿ ಅತ್ಯಂತ ಹಳೆಯದು. ಅದರ ಕೈಪಿಡಿಗೋಡೆಯ ಮೇಲೆ 14 ಕಲ್ಲುಗುಂಡುಗಳಿವೆ. ಒಂದರಲ್ಲಿ ಹಣ್ಣಿನ ಹೋಳನ್ನು ಕೊಯ್ದು ತೆಗೆದಂತೆ ಒಂದು ಭಾಗವಿಲ್ಲ. ಕೂಲಿ ಪೂರ್ತಿ ಸಿಕ್ಕದ ಶಿಲ್ಪಿಯು ಕೋಪದಿಂದ ಹಾಗೆ ಕತ್ತರಿಸಿಕೊಂಡನೆಂದು ಐತಿಹ್ಯ. ಲೆಕ್ಕದ ಪುಸ್ತಕದಲ್ಲಿರುವುದು ಇಷ್ಟೇ: ಸೇತುವೆಯ ನಕ್ಷೆಗಾಗಿ ಥಾಮಸ್ ಗ್ರಂಬೋಲ್ಡನಿಗೆ 3 ಷಿಲಿಂಗ್ ಸಂದಿತು. ಈ ಕಥೆಯನ್ನು ನಾನು ನಂಬೆನು. ಆದರೆ ಅದು ಹುಟ್ಟಿದುದೇಕೆಂದು ಅರ್ಥಮಾಡಿಕೊಳ್ಳಬಲ್ಲೆನು. ನ್ಯೂಟನ್ನನ ಕಥೆ ದೊಡ್ಡವರನ್ನು ಇನ್ನೂ ದೊಡ್ಡದುಮಾಡಿತು. ಇದಾದರೋ ಕೆಲಸಗಾರನ ಪರವಾಗಿ ಒಂದು ಮಾತನ್ನು ಉಳಿಸಿಕೊಂಡಿದೆ.

ಟ್ರಿನಿಟಿ ಕಾಲೇಜಿನ ಪುಸ್ತಕಭಂಡಾರ ಕ್ರಿಸ್ಟೋಫರ್ ರೆನ್ ಎಂಬ ಪ್ರಸಿದ್ಧ ವಾಸ್ತುಕಾರನ ಕೃತಿ, 1695ರಲ್ಲಿ ಮುಗಿಯಿತು. ನಾವಿಕನು ಅದರ ಹೊರಮೈಯನ್ನು ವರ್ಣಿಸುತ್ತಿದ್ದಾಗ ನನ್ನ ಮನಸ್ಸು ಒಳಗೆ ಹೋಗಿತ್ತು. 1914ರಲ್ಲಿ ಈ ಕಾಲೇಜಿಗೆ ಬಂದು 1918ರಲ್ಲಿ ಅದರ ಫೆಲೋ ಆದ ಶ್ರೀನಿವಾಸ ರಾಮಾನುಜನ್, ಸ್ವದೇಶಕ್ಕೆ ಹಿಂದಿರುಗಿ, ಕಾಯಿಲೆಯಿಂದ ನರಳುತ್ತ, 1920ರಲ್ಲಿ ಮರಣಹೊಂದುವವರೆಗೂ ಬರೆದ ಗಣಿತದ ಹಾಳೆಗಳು ಕೈಯಿಂದ ಕೈಗೆ ಸಾಗಿ ಈ ಭಂಡಾರವನ್ನು ಸೇರಿ, ಲಕ್ಷ್ಯವಿಲ್ಲದೆ ಬಿದ್ದಿದ್ದುವು. 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಎಂಬ ಅಮೆರಿಕದ ಗಣಿತಜ್ಞರು ಕಟ್ಟನ್ನು ಬಿಚ್ಚಿ ಅವುಗಳ ಬೆಲೆಯನ್ನು ಗುರುತಿಸಿದರು. ಪೆಟ್ಟಿಗೆಯಲ್ಲಿದ್ದರೂ ನೋಡುವ ಕಣ್ಣು ಬರುವವರೆಗೆ ವಸ್ತು ಇಲ್ಲದಂತೆಯೇ.

ಮುಂದಿನದು ಸೇಂಟ್ ಜಾನ್ಸ್ ಕಾಲೇಜು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಓದಿದುದು ಇಲ್ಲಿಯೇ ಎಂಬುದನ್ನು ನೆನೆದು ಸಂತೋಷಪಟ್ಟೆನು. 1831ರ 'ನಿಟ್ಟುಸಿರಿನ ಸೇತುವೆ'ಯನ್ನು ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಿರಲು, ನನ್ನ ಮಗಳು ಒಂದು ಪ್ರಶ್ನೆ ಹಾಕಿದಳು: "ಹೆಂಗಸರ ಕಾಲೇಜು ಎಲ್ಲಿ?" ನಾವಿಕನು, "ಈ ನದಿಯಿಂದ ಕಾಣುವುದಿಲ್ಲ, ಅಮ್ಮ" ಎಂದನು. 1869ರಲ್ಲಿ ಗರ್ಟನ್, 1871ರಲ್ಲಿ ನ್ಯೂನ್ಹಮ್ ಪ್ರಾರಂಭವಾದುವು. ಎರಡೂ ಈ ದಂಡೆಯಿಂದ ದೂರ. 1890ರಲ್ಲಿ ನ್ಯೂನ್ಹಮಿನ ಫಿಲಿಪ್ಪ ಫಾಸೆಟ್ ಎಂಬಾಕೆ ಗಣಿತದ ಪರೀಕ್ಷೆಯಲ್ಲಿ ಪ್ರಥಮಸ್ಥಾನದ ಪುರುಷನಿಗಿಂತಲೂ ಮೇಲಿನವಳೆಂದು ಘೋಷಿತಳಾದರೂ ಪದವಿ ಸಿಕ್ಕಲಿಲ್ಲ. ಸ್ತ್ರೀಯರಿಗೆ ಪೂರ್ಣಪದವಿಯನ್ನು ಕೊಡಲು ಆ ವಿಶ್ವವಿದ್ಯಾನಿಲಯಕ್ಕೆ 1948ರವರೆಗೆ ಮನಸ್ಸು ಬರಲಿಲ್ಲ.

ಮ್ಯಾಗ್‌ಡಲೀನ್ ಸೇತುವೆಯ ಬಳಿ ದೋಣಿ ತಿರುಗಿತು. ಈಗಿನದು 1823ರ ಕಬ್ಬಿಣದ ಸೇತುವೆ. ಊರಿಗೆ ಹೆಸರುಕೊಟ್ಟ ಹಳೆಯ ಸೇತುವೆಯಿದ್ದ ಸ್ಥಳ ಇದೇ. ಪಕ್ಕದ ಕಟ್ಟೆಯಲ್ಲಿ ಈಗ ಇಳಿಯುವವರು ಯಾತ್ರಿಕರು ಮಾತ್ರ. 1845ರಲ್ಲಿ ರೈಲು ಬಂದಮೇಲೆ ಸರಕು ನದಿಯನ್ನು ಬಿಟ್ಟು ಕಂಬಿಯ ಮೇಲೆ ಸಾಗಿತು. ಜೌಗುನೆಲದ ಬಡವರು ಹುಲ್ಲನ್ನೂ ಜೊಂಡನ್ನೂ ಸಾಗಿಸಲು ಬಳಸುತ್ತಿದ್ದ ಪಂಟ್ ದೋಣಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಹಾರದೋಣಿಯಾಯಿತು. ಹಿಂದಿರುಗುವಾಗ ಕಿಂಗ್ಸ್ ಕಾಲೇಜಿನ ಬಳಿ ಗಳೆ ಮತ್ತೊಮ್ಮೆ ಖಣಖಣಿಸಿತು. ಈ ಸಲ ನನಗೆ ಅದು ಏನೆಂದು ಗೊತ್ತಿತ್ತು.

ಇದರಿಂದ ವಿದ್ಯಾಲಯಗಳ ಮೇಲೆ ನನ್ನ ಗೌರವ ಕುಗ್ಗಿತೆಂದು ವಾಚಕರು ಭಾವಿಸಬಾರದು. ಆ ಪ್ರಾರ್ಥನಾಮಂದಿರದಂತಹ ಕೃತಿ ಲೋಕದಲ್ಲಿ ವಿರಳ. ನನ್ನ ವಿಜ್ಞಾಪನೆ ಇಷ್ಟೆ: ಜನಪ್ರಿಯವಾದ ಕಥೆಗೂ ಮನೋಹರವಾದ ನೋಟಕ್ಕೂ ಕೆಲಸಮಾಡಿದ ಕೈಗಳನ್ನು ಮರೆಸುವ ಸ್ವಭಾವವುಂಟು, ಅವುಗಳನ್ನು ಮತ್ತೆ ನೆನಪಿಗೆ ತರುವುದು ಇತಿಹಾಸದ ಧರ್ಮ. ನಮ್ಮಲ್ಲಿಯೂ ದೇವಾಲಯಗಳನ್ನೆಲ್ಲ ಜಕಣಾಚಾರಿಯ ಹೆಸರಿಗೆ ಬರೆದುಬಿಡುವ ರೂಢಿಯುಂಟಲ್ಲವೆ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಕಲ್ಲಿನಲ್ಲಿಯೇ ಕೆತ್ತಿಟ್ಟಿದ್ದಾರೆ. ಓದುವವರು ಬಾಗಿ ನೋಡಬೇಕು, ಅಷ್ಟೆ.

ಈ ಪತ್ರಿಕೆಯ ವಾಚಕರಲ್ಲಿ ನನ್ನ ಹಳೆಯ ಶಿಷ್ಯರು ಅನೇಕರಿದ್ದಾರೆ. ಅವರಲ್ಲಿ ಕೆಲವರು ಇಂದು ತಾವೇ ಉಪಾಧ್ಯಾಯರು. ಮೊಳೆಯಿಲ್ಲದ ಸೇತುವೆಯ ಕಥೆಯನ್ನು ನನ್ನಿಂದ ಕೇಳಿ ಅವರು ಮುಂದಿನವರಿಗೆ ಹೇಳಿರಬಹುದು. ಪ್ರತಿಯೊಬ್ಬರ ಮನೆಗೂ ಹೋಗಿ ತಿದ್ದುವುದು ಈ ವಯಸ್ಸಿನಲ್ಲಿ ನನ್ನಿಂದಾಗದು. ಆದುದರಿಂದ ಇಲ್ಲಿಯೇ ಬರೆದು ತಿಳಿಸುತ್ತಿದ್ದೇನೆ: ಆ ಸೇತುವೆಯನ್ನು ವಿನ್ಯಾಸಮಾಡಿದವನು ಎಥೆರಿಜ್, ಕಟ್ಟಿದವನು ಎಸೆಕ್ಸ್, ವರ್ಷ 1749, ಮೊಳೆಗಳು ಇದ್ದುವು. ಗುರುವಿನ ಮಾತೆಂದು ನಂಬಿದವರು ಈ ತಿದ್ದುಪಡಿಯನ್ನೂ ಗುರುವಿನ ಮಾತೆಂದೇ ಸ್ವೀಕರಿಸಿ, ತಮ್ಮ ಶಿಷ್ಯರಿಗೆ ತಲಪಿಸಬೇಕೆಂದು ಬೇಡುತ್ತೇನೆ.