ಪಟ್ಟಿಯಲ್ಲಿ ಬಿಟ್ಟುಹೋದ ಹಂತ

ಹುಟ್ಟಿನಿಂದ ಸಾವಿನವರೆಗಿನ ಬದುಕನ್ನು ಹಂತಗಳಾಗಿ ವಿಂಗಡಿಸಿ ನೋಡುವ ಹಂಬಲ ಬಹು ಹಳೆಯದು. ನಮ್ಮಲ್ಲಿ ಆಶ್ರಮಗಳು ನಾಲ್ಕು. ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಬರುವ ಅವಸ್ಥೆಗಳು ಏಳು. ಇಪ್ಪತ್ತನೆಯ ಶತಮಾನದ ಮನೋವಿಜ್ಞಾನಕ್ಕೆ ಮಾತ್ರ ಬಹುಕಾಲ ಬಾಲ್ಯವೊಂದೇ ಮುಖ್ಯವಾಗಿತ್ತು. ಫ್ರಾಯ್ಡ್‌ರ ಹಂತಗಳು ಹರೆಯಕ್ಕೆ ಮುಗಿದವು. ಪಿಯಾಜೆಯವರು ಗುರುತಿಸಿದ ಬೌದ್ಧಿಕ ಹಂತಗಳಲ್ಲಿ ಕಡೆಯದು ಹನ್ನೊಂದು ಹನ್ನೆರಡರ ವಯಸ್ಸಿಗೆ ಆರಂಭವಾಗುತ್ತಿತ್ತು. ಅದರಾಚೆಗಿನ ಅರ್ಧ ಶತಮಾನದಲ್ಲಿ ಮನುಷ್ಯ ಬೆಳೆಯುತ್ತಾನೆಯೇ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಆ ಪ್ರಶ್ನೆಯನ್ನು ಕೇಳಿದವರಲ್ಲಿ ಪ್ರಮುಖರು ಎರಿಕ್ ಎರಿಕ್‌ಸನ್. 1902ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರಿಗೆ ತಮ್ಮ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, ವಿಯೆನ್ನಾದಲ್ಲಿ ಆನ್ನಾ ಫ್ರಾಯ್ಡ್ ಅವರಿಂದ ಮನೋವಿಶ್ಲೇಷಣೆಯನ್ನು ಕಲಿತು, 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿಯ ಪೌರತ್ವ ಪಡೆದಾಗ ‘ಎರಿಕ್‌ನ ಮಗ’ ಎಂಬರ್ಥದ ಅಡ್ಡಹೆಸರನ್ನು ತಾವೇ ಇಟ್ಟುಕೊಂಡರು. ‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಮಾತನ್ನು ಲೋಕದ ಬಾಯಿಗೆ ತಂದವರು ಇಂಥವರು ಎಂಬುದರಲ್ಲಿ ಆಶ್ಚರ್ಯವಿಲ್ಲ.

1950ರಲ್ಲಿ ಪ್ರಕಟವಾದ ‘ಚೈಲ್ಡ್‌ಹುಡ್ ಆ್ಯಂಡ್ ಸೊಸೈಟಿ’ಯಲ್ಲಿ ಅವರು ಎಂಟು ಹಂತಗಳ ಪಟ್ಟಿಯೊಂದನ್ನು ಮುಂದಿಟ್ಟರು. ಪ್ರತಿ ಹಂತದಲ್ಲಿಯೂ ಎರಡು ಸೆಳೆತಗಳ ಜಗ್ಗಾಟವಿದೆ. ಕೂಸಿಗೆ ನಂಬಿಕೆ ಮತ್ತು ಅಪನಂಬಿಕೆ, ಶಾಲೆಯ ಮಗುವಿಗೆ ದುಡಿಮೆಯ ಹುಮ್ಮಸ್ಸು ಮತ್ತು ಕೀಳರಿಮೆ, ಹರೆಯದವರಿಗೆ ಅಸ್ಮಿತೆ ಮತ್ತು ಗೊಂದಲ, ಮುಪ್ಪಿನಲ್ಲಿ ಸಮಗ್ರತೆ ಮತ್ತು ಹತಾಶೆ. ಈ ಜಗ್ಗಾಟದಲ್ಲಿ ಒಂದು ಪಕ್ಷ ಪೂರ್ಣವಾಗಿ ಗೆಲ್ಲಬೇಕೆಂದು ಅವರು ಹೇಳಲಿಲ್ಲ. ಅಪನಂಬಿಕೆಯನ್ನು ಸ್ವಲ್ಪವೂ ಅರಿಯದ ಮಗು ಬದುಕಲಾರದು.

ಈ ಪಟ್ಟಿ ಸಿದ್ಧವಾದ ಬಗೆಯನ್ನು ಎರಿಕ್‌ಸನ್ನರ ಪತ್ನಿ ಜೋನ್ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಪತಿಯ ಬರವಣಿಗೆಯಲ್ಲಿ ಸಹಭಾಗಿ. ಪಟ್ಟಿ ರೂಪುಗೊಂಡದ್ದು ಇಬ್ಬರ ಮಾತುಕತೆಯಲ್ಲಿ. ಅದನ್ನು ವಿದ್ವಾಂಸರ ಮುಂದಿಡಲು ಪತಿ ಪ್ರಯಾಣ ಹೊರಟಾಗ, ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಕಾರಿನೊಳಗೆ ಜೋನ್ ಅವರಿಗೆ ಒಂದು ಲೋಪ ಹೊಳೆಯಿತಂತೆ. ಹಂತಗಳು ಏಳೇ ಇದ್ದವು. ತಾರುಣ್ಯದ ಆಪ್ತತೆಯಿಂದ ಪಟ್ಟಿ ನೇರವಾಗಿ ಮುಪ್ಪಿಗೆ ಹಾರಿತ್ತು. ನಲವತ್ತು ದಾಟಿ, ಮಕ್ಕಳನ್ನು ಸಾಕುತ್ತ, ಕೈತುಂಬ ಕೆಲಸದಲ್ಲಿ ಮುಳುಗಿದ್ದ ಆ ದಂಪತಿ ತಮ್ಮನ್ನು ತಾವೇ ಮರೆತಿದ್ದರು. ಹಾಗೆ ಸೇರಿದ್ದು ಏಳನೆಯ ಹಂತ, ‘ಜನರೇಟಿವಿಟಿ’. ನಾವಿದನ್ನು ಪೋಷಕತ್ವ ಎನ್ನೋಣ. ಮುಂದಿನ ಪೀಳಿಗೆಯನ್ನು, ತಾನು ಕಟ್ಟಿದ್ದನ್ನು, ತನ್ನ ಬಳಿಕವೂ ಉಳಿಯಬೇಕಾದುದನ್ನು ಕಾಪಾಡುವ ಕಾಳಜಿ. ಅದರ ಎದುರಿಗಿರುವುದು ಸ್ಥಗಿತತೆ: ತನ್ನ ಸುತ್ತ ತಾನೇ ಗಿರಕಿ ಹೊಡೆಯುವ ಬದುಕು.

ಈ ಹಂತದ ಬಹುದೊಡ್ಡ ನಿದರ್ಶನ ಎರಿಕ್‌ಸನ್ನರಿಗೆ ದೊರೆತದ್ದು ಭಾರತದಲ್ಲಿ. 1962ರಲ್ಲಿ ಮಾನವ ಜೀವನಚಕ್ರದ ಕುರಿತ ವಿಚಾರಗೋಷ್ಠಿಗೆಂದು ಅವರು ಅಹಮದಾಬಾದಿಗೆ ಬಂದರು. ತಮ್ಮ ಪಟ್ಟಿಯ ಪಕ್ಕದಲ್ಲಿ ನಮ್ಮ ಆಶ್ರಮಗಳ ಕಲ್ಪನೆಯನ್ನು ಇರಿಸಿ ನೋಡಿದರು. 1918ರ ಗಿರಣಿ ಕಾರ್ಮಿಕರ ಮುಷ್ಕರವನ್ನು ಕಂಡವರು ಆ ನಗರದಲ್ಲಿ ಇನ್ನೂ ಇದ್ದರು. ಪ್ಲೇಗಿನ ಕಾಲದಲ್ಲಿ ಕೊಟ್ಟ ಬೋನಸನ್ನು ಮಾಲೀಕರು ನಿಲ್ಲಿಸಹೊರಟಾಗ ಹುಟ್ಟಿದ ವ್ಯಾಜ್ಯವದು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಒಡಹುಟ್ಟಿದ ಅನಸೂಯಾ ಬೆನ್. ಶೇಕಡ 20ಕ್ಕಿಂತ ಹೆಚ್ಚು ಕೊಡಲು ಮಾಲೀಕರು ಒಪ್ಪಲಿಲ್ಲ. 35 ನ್ಯಾಯವೆಂದು ಗಾಂಧೀಜಿ ನಿರ್ಧರಿಸಿದರು. ಹಸಿವಿನಿಂದ ಕಾರ್ಮಿಕರ ಪಟ್ಟು ಸಡಿಲವಾಗುತ್ತಿದ್ದಾಗ, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕುಳಿತರು. ಮೂರು ದಿನಗಳಲ್ಲಿ ರಾಜಿಯಾಯಿತು. ಪಂಚಾಯ್ತಿಯ ತೀರ್ಪು ಕೊನೆಗೆ 35ನ್ನೇ ಎತ್ತಿಹಿಡಿಯಿತು. ಸ್ನೇಹಿತರಾದ ಮಾಲೀಕರ ಮೇಲೆ ಆ ಉಪವಾಸ ಒತ್ತಡ ಹೇರಿತೆಂಬ ದೋಷವನ್ನು ಗಾಂಧೀಜಿ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ.

ಆಗ ಗಾಂಧೀಜಿಗೆ 48 ವರ್ಷ. ನಡುವಯಸ್ಸಿನ ಮನುಷ್ಯನೊಬ್ಬನ ಕಾಳಜಿ ಕುಟುಂಬವನ್ನು ಮೀರಿ ನಗರವೊಂದಕ್ಕೆ, ಬಳಿಕ ದೇಶಕ್ಕೆ ವಿಸ್ತರಿಸಿದ್ದನ್ನು ಎರಿಕ್‌ಸನ್ ಈ ಘಟನೆಯಲ್ಲಿ ಕಂಡರು. 1969ರಲ್ಲಿ ಬಂದ ‘ಗಾಂಧೀಸ್ ಟ್ರೂತ್’ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಆದರೆ ಪುಸ್ತಕದ ನಡುವೆ ಅವರ ಬರವಣಿಗೆ ತಡೆದು ನಿಲ್ಲುತ್ತದೆ. ತೀರಿಹೋದ ಗಾಂಧೀಜಿಯನ್ನೇ ಉದ್ದೇಶಿಸಿ ಅವರು ಒಂದು ಪತ್ರ ಬರೆಯುತ್ತಾರೆ. ಲೋಕಕ್ಕೆಲ್ಲ ಅಹಿಂಸೆಯನ್ನು ಬೋಧಿಸಿದವರು ಕಸ್ತೂರಬಾ ಅವರೊಡನೆ, ಹತ್ತಿರದ ಕಿರಿಯರೊಡನೆ ನಡೆದುಕೊಂಡ ರೀತಿಯಲ್ಲಿ ಕಾಣದ ಹಿಂಸೆಯಿತ್ತಲ್ಲವೇ ಎಂಬುದು ಅದರ ಅಳಲು.

ಪತ್ರ ಬರೆದವರ ಮನೆಯಲ್ಲಿಯೂ ಒಂದು ಮೌನವಿತ್ತು. 1944ರಲ್ಲಿ ಎರಿಕ್‌ಸನ್ ದಂಪತಿಗೆ ಡೌನ್ ಸಿಂಡ್ರೋಮ್ ಇದ್ದ ಮಗ ಹುಟ್ಟಿದ್ದ. ಅವನನ್ನು ಸಂಸ್ಥೆಯೊಂದರಲ್ಲಿ ಬಿಡಲಾಯಿತು. ಅವನು ಹುಟ್ಟುತ್ತಲೇ ತೀರಿಕೊಂಡನೆಂದು ಮನೆಯ ಮಕ್ಕಳಿಗೆ ಹೇಳಲಾಯಿತು. 1999ರಲ್ಲಿ ಬಂದ ಜೀವನಚರಿತ್ರೆ ಈ ಸಂಗತಿಯನ್ನು ವಿವರವಾಗಿ ತೆರೆದಿಟ್ಟಿತು. ಅಂದಿನ ವೈದ್ಯರ ಸಲಹೆ ಸಾಮಾನ್ಯವಾಗಿ ಅಂಥದೇ ಆಗಿತ್ತು ಎಂಬುದನ್ನು ಮರೆತು ತೀರ್ಪು ನೀಡುವುದು ನ್ಯಾಯವಲ್ಲ. ಆದರೂ ಬೆಳವಣಿಗೆಯ ಆ ಪಟ್ಟಿ ಸಿದ್ಧವಾಗುತ್ತಿದ್ದ ವರ್ಷಗಳಲ್ಲಿಯೇ ಆ ಮಗು ಮನೆಯಿಂದ ಹೊರಗಿತ್ತು ಎಂಬುದನ್ನು ತಿಳಿದ ಮೇಲೆ, ಏಳನೆಯ ಹಂತದ ವಿವರಣೆಯನ್ನು ಮೊದಲಿನಂತೆ ಓದುವುದು ನಮಗೆ ಸಾಧ್ಯವಾಗಲಿಲ್ಲ.

ಇದರಿಂದ ಪೋಷಕತ್ವದ ಕಲ್ಪನೆ ಸುಳ್ಳಾಗುವುದಿಲ್ಲ. ಅದರ ಕಷ್ಟವಷ್ಟೇ ಸ್ಪಷ್ಟವಾಗುತ್ತದೆ. ಕಾಳಜಿ ದೂರಕ್ಕೆ ಹರಡಿದಂತೆಲ್ಲ ಹತ್ತಿರದಲ್ಲಿ ಬತ್ತುವ ಅಪಾಯವಿದೆ. ಬದುಕಿನ ಹಂತಗಳ ಈ ಇತಿಹಾಸದಿಂದ ನಾವು ಕಲಿತದ್ದು ಇದನ್ನೇ.

ನಲವತ್ತರ ನಡುವಿನಲ್ಲಿದ್ದು, ವರ್ಗಾವಣೆಯ ಆದೇಶದೊಂದಿಗೆ ಊರೂರು ಅಲೆಯುವ ನಮ್ಮಂಥ ನೌಕರರಿಗೆ ಇದು ಪುಸ್ತಕದ ಮಾತಲ್ಲ. ಪರನಾಡಿನಲ್ಲಿ ಕನ್ನಡ ಉಳಿಯಲೆಂದು ಭಾನುವಾರದ ತರಗತಿಯಲ್ಲಿ ಹತ್ತಾರು ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತೇವೆ. ತೃಪ್ತಿಯಿಂದ ಮನೆಗೆ ಮರಳಿ, ಊರಿನಲ್ಲಿರುವ ತಾಯಿಗೆ ಮಾಡಬೇಕಾದ ಫೋನನ್ನು ಮರುದಿನಕ್ಕೆ ಮುಂದೂಡುತ್ತೇವೆ. ಅಂದು ಕಾರಿನಲ್ಲಿ ಜೋನ್ ಕೇಳಿಕೊಂಡ ಪ್ರಶ್ನೆ ನಮ್ಮದೂ ಹೌದು: ಈ ಪಟ್ಟಿಯಲ್ಲಿ ಯಾರನ್ನು ಬಿಟ್ಟಿದ್ದೇವೆ?