ನಿಂತ ಮೆಟ್ಟಿಲು, ಓಡುವ ಬೆರಳು

ಗಿಟಾರಿನಲ್ಲಿ ಕಾರ್ಡ್ ಬದಲಿಸುವ, ಕಣ್ಣು ಹಾಯಿಸದೆ ಮೆಟ್ಟಿಲು ಹುಡುಕುವ ಪಾಡು ಪರದೇಶದ್ದು ಎಂಬ ಮಾತುಂಟು. ಆದರೆ ಮೆಟ್ಟಿಲಿನ ವಾದ್ಯ ನಮ್ಮ ಸುತ್ತಲೂ ಹಳೆಯದೇ. ಗಡಿಯ ಕುಂಚಾವರಂ ಕಾಡು ದಾಟಿದರೆ ತೆಲಂಗಾಣ. ಅಲ್ಲಿ ಹನ್ನೆರಡು ಮೆಟ್ಟಿಲಿನ ಕಿನ್ನೆರ ಇನ್ನೂ ನುಡಿಯುತ್ತದೆ. ಸೋರೆಬುರುಡೆಯ ಮೇಲೆ ಬಿದಿರಿನ ದಂಡಿ, ದಂಡಿಗೆ ಮೇಣದಲ್ಲಿ ಕೂರಿಸಿದ ಮೆಟ್ಟಿಲು. ಅದನ್ನು ನುಡಿಸುವ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಈಚೆ ಕಲ್ಯಾಣದ ಶರಣ ಬೊಮ್ಮಯ್ಯನ ಹೆಸರಿಗೇ ಅದೇ ಬಳಗದ ವಾದ್ಯವಾದ ಕಿನ್ನರಿ ಅಂಟಿಕೊಂಡಿದೆ. 13ನೆಯ ಶತಮಾನದ ‘ಸಂಗೀತ ರತ್ನಾಕರ’ವೂ ಕಿನ್ನರಿಯ ಮೆಟ್ಟಿಲುಗಳನ್ನು ವಿವರಿಸುತ್ತದೆ. ನನಗೆ ಮುಖ್ಯವೆನಿಸುವುದು ಮುಂದಿನ ತಿರುವು: 1550ರ ‘ಸ್ವರಮೇಳಕಲಾನಿಧಿ’ಯಲ್ಲಿ ವಿಜಯನಗರದ ರಾಮಾಮಾತ್ಯ, ಒಂದೇ ರಾಗಕ್ಕೆ ಹೊಂದಿಸಿದ ಮೆಟ್ಟಿಲ ವೀಣೆಯನ್ನೂ ಎಲ್ಲ ರಾಗಕ್ಕೂ ಒದಗುವ ವೀಣೆಯನ್ನೂ ಬೇರ್ಪಡಿಸಿದ. ಮೆಟ್ಟಿಲು ನಿಂತಿತು, ಹೊರೆ ಬೆರಳಿಗೆ ಬಿತ್ತು.

ವೀಣೆಯಲ್ಲಿ ಕಾರ್ಡ್ ಎಲ್ಲಿದೆ ಎಂದು ಕೇಳಬಹುದು. ನಿಜ, ಮೂರು-ನಾಲ್ಕು ಬೆರಳು ಒಟ್ಟಿಗೆ ಬೇರೆಬೇರೆ ತಂತಿಗೆ ಇಳಿಯುವ ಕಸರತ್ತು ನಮ್ಮದಲ್ಲ. ಆದರೆ ಕಾರ್ಡ್ ಕೂಡಿಸುವ ಮೊದಲು ಸ್ವರದ ಮನೆ ಗೊತ್ತಿರಬೇಕು. ಆ ನಕಾಶೆ ಎರಡರಲ್ಲೂ ಒಂದೇ ಬಗೆಯದು. ಗಿಟಾರಿನ ಆರನೆಯ ತಂತಿಯ ಐದನೆಯ ಮೆಟ್ಟಿಲು ಒತ್ತಿದರೆ ಐದನೆಯ ತಂತಿಯ ತೆರೆದ ಸ್ವರ ಬರುತ್ತದೆ. ವೀಣೆಯ ಪಂಚಮದ ತಂತಿಯಲ್ಲೂ ಐದನೆಯ ಮೆಟ್ಟಿಲಿನಲ್ಲೇ ಸಾರಣಿಯ, ಅಂದರೆ ಮುಖ್ಯ ತಂತಿಯ, ಷಡ್ಜ ಸಿಗುತ್ತದೆ.